ಗೇಣುದ್ದದ ಅಡುಗೆಮನೆಗೆ ಯಾವ ಹೊಳಪು?

ಗೋಕಾಕದಲ್ಲಿ ನಮ್ಮದೊಂದು ಬಣ್ಣದ ಅಂಗಡಿ. ಗಂಡ ಕೆಲಸ ನೋಡಲೆಂದು ಮೂಡಲಗಿ, ಹುಕ್ಕೇರಿ ತಿರುಗುತ್ತಿರುತ್ತಾನೆ. ಗಲ್ಲಾದ ಮೇಲೆ ನಾನು. ಅಂಗಡಿಗೆ ಸೋಮವಾರ ರಜೆ, ಗಿರಾಕಿಗಳ ಮೂರ್ಖತನಕ್ಕೆ ಯಾವ ವಾರವೂ ರಜೆಯಿಲ್ಲ. ಅದರಲ್ಲೂ ಅಡುಗೆಮನೆ ಸಣ್ಣದಿದ್ದಷ್ಟೂ ಅದರ ಬಣ್ಣ ಆರಿಸಲು ಗಂಡಸರೇ ಎದ್ದು ಬರುತ್ತಾರೆ.

ವಿಷಯ ಇಷ್ಟೇ. ಹೊಳಪೇ ಇಲ್ಲದ ಮ್ಯಾಟ್ ಎಣ್ಣೆಯ ಕಲೆಯನ್ನು ಕುಡಿದು ಕೂರುತ್ತದೆ. ಕನ್ನಡಿಯಂತೆ ಹೊಳೆಯುವ ಗ್ಲಾಸಿ ಗೋಡೆಯ ಉಬ್ಬುತಗ್ಗನ್ನೆಲ್ಲ ಊರಿಗೆ ತೋರಿಸುತ್ತದೆ. ನಡುವಿನದು ಸ್ಯಾಟಿನ್, ಒದ್ದೆ ಬಟ್ಟೆಯಿಂದ ಒರೆಸಿದರೆ ಮುಗಿಯಿತು. ಸಣ್ಣ ಅಡುಗೆಮನೆಗೆ ಸ್ಯಾಟಿನ್ ಸಾಕು ಎಂದು ನಾನು ಹೇಳುತ್ತೇನೆ. ಅದನ್ನು ಕೇಳುವ ಗಂಡಸು ಇನ್ನೂ ಹುಟ್ಟಬೇಕು.

ಕಿಡಕಿ ಐತೇನ?

ಕೊಣ್ಣೂರಿನಿಂದ ಒಬ್ಬ ನಿವೃತ್ತ ಅಧಿಕಾರಿ ಬಂದರು. ನನ್ನನ್ನು ನೋಡಿದರು, ನನ್ನ ಹಿಂದಿನ ಗೋಡೆ ನೋಡಿದರು.

"ಯಜಮಾನ್ರು ಇಲ್ಲೇನ್ರಿ?"

"ಇಲ್ರಿ. ಏನ್ ಬೇಕಾಗಿತ್ತು?"

"ಬಣ್ಣದ ವಿಚಾರ. ನಿಮಗ ತಿಳಿಯಂಗಿಲ್ಲ ಬಿಡ್ರಿ."

ಬಣ್ಣದ ಅಂಗಡಿಯಲ್ಲಿ ಕುಳಿತವಳಿಗೆ ಬಣ್ಣ ತಿಳಿಯುವುದಿಲ್ಲವಂತೆ. ಇರಲಿ. ಕುರ್ಚಿ ಕೊಟ್ಟೆ. ಕಾದು ಕಾದು ಬೇಸತ್ತು, ಕೊನೆಗೆ ಅಡುಗೆಮನೆಗೆ ಗ್ಲಾಸಿಯೋ ಮ್ಯಾಟೋ ಎಂದು ನನ್ನನ್ನೇ ಕೇಳಿದರು.

"ಒಲಿ ಯಾವ ಗ್ವಾಡಿಗೆ ಐತ್ರಿ?" ಎಂದೆ. ಗೊತ್ತಿಲ್ಲ. "ಕ್ವಾಣಿ ಎಷ್ಟ ದೊಡ್ಡದೈತ್ರಿ?" ಎರಡೂ ಕೈ ಅಗಲಿಸಿದರು, ಆಮೇಲೆ ಅನುಮಾನ ಬಂದು ಸ್ವಲ್ಪ ಒಳಗೆ ತಂದರು. "ಬೆಳಕ ಬರಾಕ ಕಿಡಕಿ ಐತೇನ್ರಿ?"

ಅಧಿಕಾರಿಗಳು ಮನೆಗೆ ಫೋನ್ ಹಚ್ಚಿದರು. "ಏ, ನಮ್ಮ ಅಡಗಿಮನ್ಯಾಗ ಕಿಡಕಿ ಐತೇನ?"

ಆ ಕಡೆಯ ಧ್ವನಿ ಇಡೀ ಅಂಗಡಿಗೆ ಕೇಳಿಸಿತು: "ಮದವಿ ಆದಾಗಿಂದ ನಿಮಗ ಚಹಾ ಆ ಕಿಡಕ್ಯಾಗಿಂದ ಅಲ್ದ ಮತ್ತ ಎಲ್ಲಿಂದ ಕೊಡಾಕತ್ತೇನಿ?"

ಸುಶಿಕ್ಷಿತರ ಸಾಸಿವೆ

ಹುಕ್ಕೇರಿಯ ಕಾಲೇಜಿನ ಸರ್ ಒಬ್ಬರು ಮೊಬೈಲಿನಲ್ಲಿ ಯಾವುದೋ ದೇಶದ ಅಡುಗೆಮನೆ ತೋರಿಸಿದರು. ಅಲ್ಲಿ ಒಲೆಯೂ ಇರಲಿಲ್ಲ, ಮನುಷ್ಯರೂ ಇರಲಿಲ್ಲ. "ಹಿಂಗ ಬೇಕ್ರಿ. ಪೂರಾ ಬಿಳೇದು, ಮ್ಯಾಟ್."

"ಸರ, ಒಗ್ಗರಣಿ ಸಿಡೀತೈತ್ರಿ. ಕಲಿ ಹೋಗಂಗಿಲ್ಲ."

"ನಮ್ಮದು ಸುಶಿಕ್ಷಿತ ಮನಿ ರಿ."

ಸುಶಿಕ್ಷಿತರ ಮನೆಯಲ್ಲಿ ಸಾಸಿವೆ ಸಿಡಿಯುವುದಿಲ್ಲ ಎಂದು ನನಗೆ ತಿಳಿದಿರಲಿಲ್ಲ. ಕೊಟ್ಟು ಕಳಿಸಿದೆ.

ಮುಂದಿನದನ್ನು ನನಗೆ ಹೇಳಿದ್ದು ಅವರ ಬಾಜೂ ಮನೆಯಾಕೆ. ಬಣ್ಣ ಹಚ್ಚಿದ ಮರುದಿನವೇ ಗೋಡೆಯ ಮೇಲೆ ಒಂದು ಹಳದಿ ಚುಕ್ಕೆ ಬಿತ್ತು. ಸರ್ ಇನ್ನು ಮೇಲೆ ಮನೆಯಲ್ಲಿ ಒಗ್ಗರಣೆ ಬಂದ್ ಎಂದು ಆಜ್ಞೆ ಮಾಡಿದರು. ಹೆಂಡತಿ ಜಗಳ ಆಡಲಿಲ್ಲ. ಬೇಳೆ ಕುದಿಸುವುದು, ಪಾತ್ರೆ ಹೊತ್ತು ಬಾಜೂ ಮನೆಗೆ ಹೋಗುವುದು, ಅಲ್ಲಿ ಚೊಂಯ್ ಎನ್ನಿಸಿಕೊಂಡು ಬರುವುದು. ಸರ್ ಘಮಘಮಿಸುವ ಸಾರು ಉಂಡು, ಬೆಳ್ಳನೆಯ ಗೋಡೆ ನೋಡಿ, ಶಿಸ್ತು ಅಂದರೆ ಇದು ಎಂದು ಬಂದವರಿಗೆಲ್ಲ ಭಾಷಣ ಮಾಡುತ್ತಿದ್ದರಂತೆ.

ಇಷ್ಟು ಹೇಳಿ ಆಕೆ ತನಗೊಂದು ಸ್ಯಾಟಿನ್ ಡಬ್ಬಿ ತೆಗೆಸಿಕೊಂಡಳು. "ನಮ್ಮ ಗ್ವಾಡಿ ಎರಡು ಮನಿ ಒಗ್ಗರಣಿ ತಿಂದೈತ್ರಿ. ಬಿಲ್ಲ ಸರ್ ಹೆಸರಿಗೆ ಮಾಡ್ರಿ."

ಅತ್ತೆಯ ಟಿ.ವಿ.

ನಮ್ಮ ಓಣಿಯದೇ ಮನೆ. ಮಗರಾಯ ಗ್ಲಾಸಿ ಒಯ್ದ. ಹೊಳಪಿದ್ದರೆ ಸಣ್ಣ ಕೋಣೆ ದೊಡ್ಡದು ಕಾಣುತ್ತದಂತೆ. ಕೋಣೆ ಇದ್ದಷ್ಟೇ ಉಳಿಯಿತು. ಆದರೆ ಹೊರಗೆ ಹಾಲ್‌ನಲ್ಲಿ ಕುಳಿತ ಅವನ ಅವ್ವನಿಗೆ ಆ ಗೋಡೆಯಲ್ಲಿ ಸೊಸೆ ಮಾಡುವುದೆಲ್ಲ ಕಾಣತೊಡಗಿತು. ಎಷ್ಟು ತುಪ್ಪ ಹಾಕಿದಳು, ಯಾವ ಉಂಡೆ ಬಾಯಿಗೆ ಹೋಯಿತು, ಎಲ್ಲ.

ಸೊಸೆ ಅಂಗಡಿಗೆ ಓಡಿ ಬಂದಳು. "ವೈನಿ, ಹೊಳಪು ತಗಿಯೂ ಔಷಧ ಏನರ ಐತೇನ್ರಿ?"

ಮರಳು ಕಾಗದ ಕೊಟ್ಟೆ. ಆಕೆ ಗೋಡೆ ಉಜ್ಜಿ ಮಂಕು ಮಾಡಿದಳು.

ಮರುವಾರ ಅತ್ತೆ ಬಂದಳು. ಕಣ್ಣಿಗೆ ಏನೋ ಆಗಿದೆ, ಮೊದಲಿನಂತೆ ಕಾಣುತ್ತಿಲ್ಲ ಎಂದಳು. ಡಾಕ್ಟರರ ಕಡೆ ಹೋಗಿರಿ ಎಂದೆ.

"ಡಾಕ್ಟರ್ ಬ್ಯಾಡವಾ. ನನ್ನ ಮಗ ಒಯ್ದಿದ್ನಲ್ಲ, ಅದ ಡಬ್ಬಿ ಇನ್ನೊಂದು ಕೊಡು."

ಕಪಾಟಿನೊಳಗಿನ ವರ

ಮೂಡಲಗಿಯ ಒಂದು ವ್ಯಾಪಾರಸ್ಥರ ಮನೆ. ಹಾಲ್ ವಿಶಾಲ, ಅಡುಗೆಮನೆ ಮಾತ್ರ ಒಬ್ಬರು ನಿಂತರೆ ಇನ್ನೊಬ್ಬರು ಹೊರಗೇ ನಿಲ್ಲಬೇಕಾದಷ್ಟು. ಮಗನಿಗೆ ಹೆಣ್ಣು ಗೊತ್ತು ಮಾಡುತ್ತಿದ್ದರು. ಕೌಜಲಗಿಯ ಬೀಗರು ಮನೆ ನೋಡಲು ಬರುವವರಿದ್ದರು. ಇದೇ ಅಡುಗೆಮನೆಯನ್ನು ನೋಡಿ ಹಿಂದೆ ಒಂದು ಸಂಬಂಧ ಮುರಿದಿತ್ತು. ಇದೂ ಕೈತಪ್ಪಿದರೆ ಗತಿಯೇನೆಂದು ಹುಡುಗನ ತಾಯಿ ಕಂಗಾಲು.

ಹುಡುಗನ ಅಪ್ಪ ಮತ್ತು ಸೋದರಮಾವ ಅಂಗಡಿಗೆ ಬಂದರು. ಅಪ್ಪನಿಗೆ ಮ್ಯಾಟ್, ಮಾವನಿಗೆ ಗ್ಲಾಸಿ. ಹುಡುಗ ಬಂದಿರಲಿಲ್ಲ, ಅವನನ್ನು ಯಾರೂ ಕೇಳಿಯೂ ಇರಲಿಲ್ಲ. ದಿನಾ ಬಂದು ಜಗಳವಾಡಿ ಹೋದರು. ಬೀಗರು ಬರುವ ಹಿಂದಿನ ದಿನ ಮಾವನಿಗೆ ಜ್ಞಾನೋದಯವಾಯಿತು. "ಅಡಗಿಮನಿ ಬಾಗಿಲಕೂ ಹಾಲಿನ ಗ್ವಾಡಿಗೂ ಒಂದ ಬಣ್ಣ, ಒಂದ ಹೊಳಪು. ಬಾಗಿಲ ಐತಿ ಅನ್ನೂದ ಗೊತ್ತಾಗಬಾರದು. ಕೇಳಿದ್ರ, ಅಡಗಿಮನಿ ಹಿಂದ ಐತಿ ಅಂದ್ರಾತು."

"ಎಣ್ಣಿ ಬಣ್ಣ ರಿ, ಲಗೂನ ಒಣಗಂಗಿಲ್ಲ," ಎಂದೆ.

"ನೀವು ಡಬ್ಬಿ ಕಟ್ರಿ," ಎಂದರು.

ಮರುದಿನ ಬೆಳಿಗ್ಗೆ ಮೂಡಲಗಿಯಿಂದ ಫೋನು: ಬಣ್ಣ ಒಣಗಿಲ್ಲ, ಬಂದು ನೋಡಿ. ಗಂಡ ಊರಲ್ಲಿರಲಿಲ್ಲ, ನಾನೇ ಹೋದೆ. ಒಳಗೂ ಹೊರಗೂ ಹಸಿಹಸಿ ಗ್ಲಾಸಿ. ಮನೆಯ ಹೆಂಗಸರೆಲ್ಲ ರೇಷ್ಮೆ ಸೀರೆಯಲ್ಲಿ. ಮೈಗೆ ಬಣ್ಣ ಅಂಟುತ್ತದೆಂದು ಯಾರೂ ಒಳಗೆ ಹೋಗಲೊಲ್ಲರು. ಬೀಗರಿಗೆ ಸಿಹಿಗೆಂದು ಶಿರಾ ಆಗಬೇಕು. ಕೊನೆಗೆ ಬನಿಯನ್ ತೊಟ್ಟಿದ್ದ ಹುಡುಗನೇ ಒಲೆಯ ಮುಂದೆ ನಿಂತ.

ಅಷ್ಟರಲ್ಲಿ ಬೀಗರು ಹೊತ್ತಿಗೆ ಮೊದಲೇ ಬಂದುಬಿಟ್ಟರು. ಮಾವ ಹುಡುಗನನ್ನು ಒಳಗೇ ಬಿಟ್ಟು ಅಡುಗೆಮನೆ ಬಾಗಿಲು ಎಳೆದು ಮುಚ್ಚಿದ. ನನ್ನನ್ನು ದೂರದ ಸಂಬಂಧಿ ಎಂದು ಹೇಳಿ ಮೂಲೆಯಲ್ಲಿ ಕೂರಿಸಿದರು.

ಹುಡುಗಿಯ ಅಪ್ಪ ಮೂಗು ಏರಿಸಿದರು. "ಏನೋ ವಾಸ್ನಿ ಬರಾಕತ್ತೈತಿ?"

"ಹೊಸಾ ನಮೂನಿ ಊದಿನಕಡ್ಡಿ ರಿ," ಎಂದ ಮಾವ.

"ಹುಡುಗ ಎಲ್ಲೆದಾನ್ರಿ?"

"ಅಂಗಡಿಗೆ ಹೋಗ್ಯಾನ್ರಿ. ಈಗ ಬರ್ತಾನ."

ಹುಡುಗಿ ತಾನೂ ಮನೆ ನೋಡಬೇಕೆಂದು ಹಟ ಹಿಡಿದು ಬಂದಿದ್ದಳು. ಜೊತೆಗೆ ಅವಳ ಅಜ್ಜಿ. ಸೋಫಾದಲ್ಲಿ ಕುಳಿತರೆ ಏಳಲಾಗುವುದಿಲ್ಲ ಎಂದು ಅಜ್ಜಿ ಗೋಡೆಗೆ ಒರಗಿ ನಿಂತಳು. ನಾನು "ಅಜ್ಜೀ" ಎನ್ನುವಷ್ಟರಲ್ಲಿ ಗೋಡೆ ತೆರೆಯಿತು. ಅಜ್ಜಿ ಹಿಂದಕ್ಕೆ ವಾಲಿದಳು. ಒಳಗೆ ಬೀಳಲು ಜಾಗವೇ ಇರಲಿಲ್ಲವಾದ್ದರಿಂದ ಬೀಳಲಿಲ್ಲ. ಸೌಟು ಹಿಡಿದು ನಿಂತ ವರನ ಎದೆಗೆ ಒರಗಿ ನಿಂತಳು. ಅವಳ ಸೀರೆಯ ಬೆನ್ನೆಲ್ಲ ನಮ್ಮ ಅಂಗಡಿಯ ತಿಳಿ ಗುಲಾಬಿ.

ಹುಡುಗ ಪಾಪ, "ಅಜ್ಜಿ, ಸಕ್ರಿ ಸಾಕೇನ ನೋಡ್ರಿ," ಎಂದು ಸೌಟು ಮುಂದೆ ಹಿಡಿದ. ಅಜ್ಜಿ ರುಚಿ ನೋಡಿಯೂ ನೋಡಿದಳು.

ಮಾವ ಇನ್ನೂ ಸೋಲೊಪ್ಪಲಿಲ್ಲ. "ಅದು ಕಪಾಟ ರಿ. ಅಡಗಿಮನಿ ಹಿಂದ ಐತಿ."

ಹುಡುಗಿಯ ಅಪ್ಪ ಒಳಗೆ ಇಣುಕಿದರು. "ಕಪಾಟಿನ್ಯಾಗ ಹುಡುಗನ್ನ ಯಾಕ ಇಟ್ಟೀರಿ?"

ಹುಡುಗನ ತಾಯಿ ಸೆರಗು ಕಣ್ಣಿಗೆ ಒತ್ತಿಕೊಂಡಳು. "ಖರೆ ಹೇಳ್ತೇನ್ರಿ, ಅದ ನಮ್ಮ ಅಡಗಿಮನಿ. ಒಬ್ಬರ ಹಿಡೀತಾರ." ಸಂಬಂಧ ಮುರಿಯಿತೆಂದೇ ನಾನೂ ಚೀಲ ಎತ್ತಿಕೊಂಡೆ.

ಆಗ ಹುಡುಗಿ ಎದ್ದಳು. ಅಜ್ಜಿಯ ಕೈಹಿಡಿದು ಹೊರಗೆ ಕರೆದುಕೊಂಡಳು, ಶಿರಾದ ರುಚಿ ನೋಡಿದಳು, ಆ ಕೋಣೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ಹುಡುಗನತ್ತ ಕೈ ಮಾಡಿ ಆಡಿದ ಒಂದೇ ಮಾತಿಗೆ ಮದುವೆ ನಿಕ್ಕಿಯಾಯಿತು:

"ಒಬ್ಬರ ಹಿಡೀತಾರ ಅಂದ್ರ ಚಿಂತಿ ಎದಕ್ರಿ? ಆ ಒಬ್ಬರು ಇವರ ಇರಲಿ. ನಾ ಹಾಲಿನ್ಯಾಗ ಕುಂದರ್ತೇನಿ."