ಕೆಸ್ಲರನ ಪ್ಯಾಂಟು ಪ್ರಸಂಗ

ಅಡಿಗೆಮನೆಯ ಗೋಡೆಯಲ್ಲಿದ್ದ ಎರಡು ಸ್ವಿಚ್ಚುಗಳಲ್ಲಿ ತಪ್ಪಾದದ್ದನ್ನು ಆರಿಸಿದ್ದೇ ಆರಿನ್ ಕೆಸ್ಲರ್ ಮಾಡಿದ ಅಪರಾಧ. ಅವನು ಹುಟ್ಟಿ ಬೆಳೆದ ಓಹಿಯೋದಲ್ಲಿ ಪ್ಲಗ್ ಚುಚ್ಚಿದರೆ ಕರೆಂಟು ಬಂತು, ಕಿತ್ತರೆ ಹೋಯಿತು. ನಡುವೆ ಸ್ವಿಚ್ಚೆಂಬ ದಲ್ಲಾಳಿ ಇರಲಿಲ್ಲ. ಯಾರ್ಕ್‌ಷೈರಿಗೆ ಬಂದು ಮೂರು ತಿಂಗಳಾಗಿದ್ದರೂ ಅವನಿಗೆ ಇದು ಅಭ್ಯಾಸವಾಗಿರಲಿಲ್ಲ. ಚಹಾದ ನೀರು ಕಾಯಿಸುವ ಕೆಟಲಿನದೆಂದು ಅವನು ಆರಿಸಿದ್ದು ಬಟ್ಟೆ ಒಗೆಯುವ ಯಂತ್ರದ ಸ್ವಿಚ್ಚು.

ಯಂತ್ರ ಒಮ್ಮೆ ಗುಟುರು ಹಾಕಿ ನಿಂತಿತು. ಬಾಗಿಲು ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಗಾಜಿನ ಹಿಂದೆ, ನೊರೆನೀರಿನಲ್ಲಿ ಅವನ ಮೂರೂ ಪ್ಯಾಂಟುಗಳು ತೇಲುತ್ತಿದ್ದವು.

ಅವನಲ್ಲಿ ಇದ್ದದ್ದೇ ಮೂರು. ಮಿಕ್ಕ ಬಟ್ಟೆಯೆಲ್ಲ ಶನಿವಾರ ಹೆಂಡತಿ ಡಾರ್ಲೀನ್ ಜೊತೆ ಬರಬೇಕಿತ್ತು. ಅವಳ ಜೊತೆ ಅವಳ ತಾಯಿಯೂ ಬರುವವಳಿದ್ದಳು. ಅತ್ತೆಗೆ ಎರಡು ಮಂಡಿಗಳೂ ಕೈಕೊಟ್ಟಿದ್ದವು; ಒಂದು ಮೆಟ್ಟಿಲು ಹತ್ತಿದರೆ ಒಂದು ವಾರ ಅದರ ಪುರಾಣ. ಹಾಗಾಗಿ ರಸ್ತೆಯಿಂದ ನೇರವಾಗಿ ಒಳಗೆ ಕಾಲಿಡಬಹುದಾದ ಈ ಮನೆಯನ್ನು ಕೈಬಿಡುವ ಹಾಗಿರಲಿಲ್ಲ. ಆದರೆ ಕರಾರಿನ ಅವಧಿ ಮುಗಿದಿತ್ತು. ಮೇಲಿನ ಮನೆ ಖಾಲಿಯಿದ್ದರೂ ನಿವೃತ್ತ ದಂಪತಿಯೊಂದು ಇದೇ ಮನೆಯ ಮೇಲೆ ಕಣ್ಣಿಟ್ಟಿತ್ತು. ಮನೆಯೊಡತಿ ಮಿಸೆಸ್ ಹೆಪ್ವರ್ತ್ ಹನ್ನೊಂದು ಗಂಟೆಗೆ ಹೊಸ ಕರಾರುಪತ್ರ ಹಿಡಿದು ಬರುವವಳಿದ್ದಳು. ಮನೆ ಕೊಟ್ಟರೆ ಮರ್ಯಾದಸ್ಥರಿಗೇ ಕೊಡುವುದೆಂದು ಅವಳು ಊರಿಗೆಲ್ಲ ಹೇಳಿಟ್ಟಿದ್ದಳು.

ಈಗ ಗಂಟೆ ಒಂಬತ್ತೂವರೆ. ಮರ್ಯಾದೆಯೆಲ್ಲ ಯಂತ್ರದೊಳಗೆ ನೆನೆಯುತ್ತಿತ್ತು.

ಕೆಸ್ಲರ್ ಸ್ನಾನದ ನಿಲುವಂಗಿ ಸುತ್ತಿಕೊಂಡು ಪಕ್ಕದ ಮನೆಯ ಬಾಗಿಲು ಬಡಿದ. ಅಲ್ಲಿದ್ದವಳು ವಿಧವೆ ವಿನಿಫ್ರೆಡ್ ಸಗ್ಡನ್. ಕೈ ದೊಡ್ಡದು, ಕಿವಿ ಅದಕ್ಕಿಂತ ದೊಡ್ಡದು.

"ತೊಂದರೆ ಕೊಡ್ತಿದ್ದೀನಿ, ಕ್ಷಮಿಸಿ. ನನ್ನ ಪ್ಯಾಂಟೆಲ್ಲ ಯಂತ್ರದಲ್ಲಿ ಸಿಕ್ಕಾಕ್ಕೊಂಡಿದೆ. ನಿಮ್ಮ ಮನೇಲಿ ಯಾರದಾದ್ರೂ ಒಂದು ಪ್ಯಾಂಟಿದ್ರೆ ಕೊಡಿ. ಹಳೇದಾದ್ರೂ ಪರವಾಗಿಲ್ಲ."

ಓಹಿಯೋದಲ್ಲಿ ಪ್ಯಾಂಟೆಂದರೆ ನಾವೂ ನೀವೂ ತೊಡುವ ಪ್ಯಾಂಟೇ. ಆ ಬೀದಿಯಲ್ಲಿ ಪ್ಯಾಂಟೆಂದರೆ ಅದರೊಳಗಿನ ಚಡ್ಡಿ; ಹೊರಗಿನದನ್ನು ಟ್ರೌಸರ್ ಅನ್ನಬೇಕು. ಇದನ್ನು ಕೆಸ್ಲರನಿಗೆ ಯಾರೂ ಹೇಳಿರಲಿಲ್ಲ. ಹೇಳುವುದಕ್ಕೆ ಅವರಿಗೆ ನಾಚಿಕೆ.

ವಿನಿಫ್ರೆಡಳ ದೃಷ್ಟಿ ನಿಲುವಂಗಿಯ ಮೇಲೆ ಬಿದ್ದು, ಸುಟ್ಟುಕೊಂಡಂತೆ ಆಕಾಶಕ್ಕೆ ಹಾರಿತು. "ಒಂದೂ ಇಲ್ವಾ ಕಂದ?"

"ಒಂದೂ ಇಲ್ಲ. ನಾನೊಬ್ಬನೇ ಇದ್ದಾಗ ಪ್ಯಾಂಟಿಲ್ದೇನೇ ಓಡಾಡ್ತೀನಿ, ನನಗೇನೂ ಸಂಕೋಚ ಇಲ್ಲ. ಆದ್ರೆ ಹನ್ನೊಂದಕ್ಕೆ ಮಿಸೆಸ್ ಹೆಪ್ವರ್ತ್ ಬರ್ತಾರೆ. ಅವರ ಮುಂದೆ ಹಾಗೆ ನಿಲ್ಲೋಕಾಗುತ್ತಾ, ನೀವೇ ಹೇಳಿ."

"ನೀನು ಮನೆಗೆ ಹೋಗಿ ಚಹಾ ಕುಡೀತಿರು," ಎಂದಳು ವಿನಿಫ್ರೆಡ್, ಬಾಗಿಲನ್ನು ಮೆಲ್ಲಗೆ ಹಾಕುತ್ತ. "ಏನಾದ್ರೂ ಮಾಡೋಣ."

ಹತ್ತು ನಿಮಿಷದಲ್ಲಿ ಎದುರುಮನೆಯ ಥ್ವೇಟ್ ಸ್ಪ್ಯಾನರ್ ಹಿಡಿದು ಬಂದ. ರೈಲ್ವೆ ಗಾರ್ಡಾಗಿ ನಿವೃತ್ತನಾಗಿದ್ದ ಅವನಿಗೆ ಬೇರೆಯವರ ಮನೆಯ ಯಂತ್ರ ಕೆಟ್ಟರೆ ಹಬ್ಬ. ಬಂದವನು ಮೊದಲು ನೋಡಿದ್ದು ಯಂತ್ರವನ್ನಲ್ಲ, ಮೈಕ್ರೋವೇವಿನಲ್ಲಿ ಚಹಾದ ನೀರು ಕಾಯಿಸುತ್ತಿದ್ದ ಕೆಸ್ಲರನನ್ನು. ಆ ಸೀಮೆಯಲ್ಲಿ ಚಹಾಕ್ಕೆ ಕೆಟಲು ಬಿಟ್ಟು ಬೇರೆ ಕಡೆ ನೀರು ಕಾಯಿಸುವುದು ಮಹಾಪಾಪ; ಸಾವಿನ ಮನೆಗೆ ಬಂದವನಂತೆ ಅವನು ಟೋಪಿ ತೆಗೆದ.

ಆಮೇಲೆ ಗೋಡೆಯ ಸ್ವಿಚ್ಚು ಒತ್ತಿದ. ಯಂತ್ರಕ್ಕೆ ಜೀವ ಬಂತು.

"ಸ್ವಿಚ್ಚು ಆರಿತ್ತು, ಅಷ್ಟೇ. ಈಗ ಮೊದಲಿಂದ ಶುರು ಮಾಡಿದೆ ನೋಡು. ಎರಡು ಗಂಟೆ ನಲವತ್ತು ನಿಮಿಷ."

"ನಮ್ಮೂರಲ್ಲಿ ಅರ್ಧ ಗಂಟೇಲಿ ಮುಗಿಯುತ್ತೆ."

"ಮುಗಿಯುತ್ತೆ. ಕೊಳೆ ಹೋಗುತ್ತಾ?" ಎಂದ ಥ್ವೇಟ್. ಆಮೇಲೆ ಸೂರು ನೋಡುತ್ತ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದುಕೊಟ್ಟ. "ವಿನಿಫ್ರೆಡ್ ಹೇಳಿದ್ಲು. ನನ್ನ ತಂಗಿ ಕ್ರಿಸ್‌ಮಸ್‌ಗೆ ಕೊಟ್ಟಿದ್ದು. ಒಂದ್ಸಲಾನೂ ಹಾಕಿಲ್ಲ."

ಕೆಸ್ಲರ್ ಬಿಚ್ಚಿ ನೋಡಿದರೆ ಕೆಂಪು ಚಡ್ಡಿ. ಅದರ ತುಂಬ ಕೊಂಬಿನ ಜಿಂಕೆಗಳು.

"ಇದಲ್ಲ, ನನಗೆ ಪ್ಯಾಂಟು ಬೇಕು."

"ಇದು ಪ್ಯಾಂಟೇ."

"ಇದರ ಮೇಲೆ ಹಾಕ್ಕೊಳ್ಳೋಕೆ ಪ್ಯಾಂಟು ಬೇಕು ಅಂದೆ."

ಥ್ವೇಟ್ ಚಡ್ಡಿಯನ್ನು ವಾಪಸು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. "ಇದರ ಮೇಲೆ ಇನ್ನೊಂದಾ? ನಿಂಗೆ ಅಷ್ಟು ಚಳಿಯಾ?"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ಆ ಬೀದಿಯಲ್ಲಿ ಬರವಿರಲಿಲ್ಲ. ಥ್ವೇಟ್ ಕಿಟಕಿಯಿಂದ ಕೂಗಿದ: "ವಿನಿಫ್ರೆಡ್, ಇವನಿಗೆ ಒಂದು ಸಾಲದಂತೆ." ಗಂಟೆಯೊಂದು ಕಳೆಯುವಷ್ಟರಲ್ಲಿ ವಿನಿಫ್ರೆಡ್ ತೀರಿಹೋದ ಗಂಡನ ಹನ್ನೆರಡು ಚಡ್ಡಿಗಳನ್ನು ಇಸ್ತ್ರಿ ಮಾಡಿ ತಂದು ಊಟದ ಮೇಜಿನ ಮೇಲೆ ಪೇರಿಸಿದಳು. ಪ್ರತಿಯೊಂದೂ ಒಂದು ದಿಂಬಿನ ಗವುಸಿನಷ್ಟಿತ್ತು.

"ನಮ್ಮ ಹೆರಾಲ್ಡ್ ದೊಡ್ಡ ಮನುಷ್ಯ," ಎಂದು ಕಣ್ಣೊರೆಸಿಕೊಂಡಳು. "ನಿನಗೆ ಪಿನ್ನು ಬೇಕಾಗುತ್ತೆ ಕಂದ."

ಕೆಸ್ಲರ್ ಕೈಸನ್ನೆ ಮಾಡಿ ವಿವರಿಸಲು ಹೊರಟ. ಅಷ್ಟರಲ್ಲಿ ಗಂಟೆ ಹನ್ನೊಂದು ಹೊಡೆಯಿತು, ಕರೆಗಂಟೆಯೂ ಮೊಳಗಿತು.

ಮಿಸೆಸ್ ಹೆಪ್ವರ್ತ್ ಒಳಗೆ ಬಂದಳು. ನಿಲುವಂಗಿಯಲ್ಲಿ ನಿಂತ ಬಾಡಿಗೆದಾರ, ಮೇಜಿನ ಮೇಲೆ ಚಡ್ಡಿಯ ಗೋಪುರ, ಜಿಂಕೆಚಡ್ಡಿ ಹಿಡಿದ ಥ್ವೇಟ್. ಒಳ್ಳೆಯ ಮನೆತನದ ಹೆಂಗಸಾದ್ದರಿಂದ ಅವಳು ಇದ್ಯಾವುದನ್ನೂ ನೋಡಲಿಲ್ಲ.

"ಇವತ್ತು ಗಾಳಿ ಜಾಸ್ತಿ," ಎಂದಳು.

"ಗುಲಾಬಿಗೆ ಒಳ್ಳೇದಲ್ಲ," ಎಂದ ಥ್ವೇಟ್.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಕೆಸ್ಲರ್ ಬಾಯಿ ತೆರೆದ. "ಮೇಡಂ, ತಪ್ಪು ತಿಳ್ಕೋಬೇಡಿ. ನಿಮ್ಮನ್ನ ಪ್ಯಾಂಟಿಲ್ದೇ ಎದುರುಗೊಳ್ಳಬೇಕು ಅಂತ ನನಗೇನೂ ಆಸೆ ಇರಲಿಲ್ಲ."

ಮಿಸೆಸ್ ಹೆಪ್ವರ್ತಳ ಕತ್ತು ಕಿವಿಯವರೆಗೂ ಕೆಂಪಾಯಿತು. ಅವಳು ಕೂರಲಿಲ್ಲ, ಕೈಚೀಲದಿಂದ ಎರಡು ಕಾಗದ ಎಳೆದಳು. "ಈ ಕಟ್ಟಡದಲ್ಲಿರೋ ಎರಡು ಮನೆಗೂ ಒಂದೊಂದು ಪತ್ರ ತಂದಿದೀನಿ. ಯಾವುದು ಬೇಕು ಹೇಳಿ, ಇನ್ನೊಂದನ್ನ ಆ ದಂಪತಿಗೆ ಕೊಡ್ತೀನಿ. ನನಗೆ ಆತುರ ಇದೆ."

ಕೆಸ್ಲರನಿಗೆ ಹೋದ ಜೀವ ಬಂದಂತಾಯಿತು. "ಒಂದನೇ ಅಂತಸ್ತೇ ಕೊಡಿ ಮೇಡಂ. ನಮ್ಮತ್ತೆ ಬರ್ತಿದ್ದಾರೆ. ಅವರ ಮಂಡಿ ಪೂರ್ತಿ ಹೋಗಿದೆ. ಒಂದನೇ ಅಂತಸ್ತು ಬಿಟ್ಟು ಅವರನ್ನ ಬೇರೆಲ್ಲೂ ಇಡೋ ಹಾಗಿಲ್ಲ."

ಮಿಸೆಸ್ ಹೆಪ್ವರ್ತ್ ಹುಬ್ಬೇರಿಸಿದಳು. ಬೇರೆ ದಿನವಾಗಿದ್ದರೆ ಇನ್ನೊಮ್ಮೆ ಕೇಳುತ್ತಿದ್ದಳೇನೋ. ಈ ಸ್ಥಿತಿಯಲ್ಲಿರುವ ಗಂಡಸಿನೊಡನೆ ಮಾತು ಬೆಳೆಸಲು ಅವಳಿಂದಾಗಲಿಲ್ಲ. "ನಿಮ್ಮತ್ತೆ, ನಿಮ್ಮಿಷ್ಟ," ಎಂದು ಕಾಗದ ಚಾಚಿದಳು. ಕೆಸ್ಲರ್ ಓದದೆ ಸಹಿ ಹಾಕಿದ. ಅವಳು ಒಂದು ಬೀಗದಕೈ ಇಟ್ಟು, "ಶುಕ್ರವಾರದೊಳಗೆ ಇದನ್ನ ಖಾಲಿ ಮಾಡಿ," ಎಂದವಳೇ ಗಾಳಿಗೆ ಸಿಕ್ಕ ಛತ್ರಿಯಂತೆ ಹೊರಟುಹೋದಳು.

"ಅತ್ತೆ ಮೇಲೆ ಅಷ್ಟೊಂದು ಸಿಟ್ಟಾ ಕಂದ?" ಎಂದು ವಿನಿಫ್ರೆಡ್ ಮೆಲ್ಲಗೆ ಕೇಳಿದಳು.

"ಸಿಟ್ಯಾಕೆ? ಇದನ್ನ ಖಾಲಿ ಮಾಡೋದ್ಯಾಕೆ? ಒಂದನೇ ಅಂತಸ್ತಿಗೇ ತಾನೇ ನಾನು ಸಹಿ ಹಾಕಿದ್ದು?"

"ಹೌದಪ್ಪ. ಇದು ನೆಲದಂತಸ್ತು," ಎಂದ ಥ್ವೇಟ್, ಜಿಂಕೆಚಡ್ಡಿಯಿಂದ ಸೂರಿನ ಕಡೆ ತೋರಿಸುತ್ತ. "ಒಂದನೇದು ಅಲ್ಲಿ, ಮೇಲೆ."

ಓಹಿಯೋದಲ್ಲಿ ಎಣಿಕೆ ನೆಲದಿಂದಲೇ ಶುರುವಾಗುತ್ತದೆ. ಕೆಸ್ಲರ್ ಹುಟ್ಟಿದಂದಿನಿಂದ ಹಾಗೇ ಎಣಿಸಿದ್ದ. ಅವನಿಗೆ ನಿಜಕ್ಕೂ ಅಳು ಬಂತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಡಾರ್ಲೀನ್.

"ಸಹಿ ಆಯ್ತಾ? ಅಮ್ಮ ಪಕ್ಕದಲ್ಲೇ ಕೂತಿದ್ದಾರೆ. ಮೆಟ್ಟಿಲಿಲ್ಲ ತಾನೇ ಅಂತ ಕೇಳ್ತಿದ್ದಾರೆ."

ಕೆಸ್ಲರ್ ನಿಲುವಂಗಿ ಬಿಗಿ ಮಾಡಿಕೊಂಡು ಹೊರಗೆ ಬಂದು, ಮೇಲಕ್ಕೆ ಹೋಗುವ ಮೆಟ್ಟಿಲುಗಳನ್ನು ಬೆರಳಲ್ಲಿ ಎಣಿಸಿದ.

"ಇಪ್ಪತ್ತೆರಡು," ಎಂದ. "ತಡಿ, ಇಲ್ಲಿ ಮೆಟ್ಟಿಲನ್ನ ಎಲ್ಲಿಂದ ಎಣಿಸ್ತಾರೆ ಅಂತ ಕೇಳಿ ಹೇಳ್ತೀನಿ."