ಉಪ್ಪಿನ ವೈರಿಯ ಜೊತೆ ಜಲವಿಹಾರ

ನನ್ನ ಗಂಡನಿಗೆ ಈ ಲೋಕದಲ್ಲಿ ಶತ್ರುಗಳು ಇಬ್ಬರೇ. ಒಂದು ಸಮುದ್ರ, ಇನ್ನೊಂದು ನನ್ನ ಉಪ್ಪಿನಕಾಯಿ ಭರಣಿ! "ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ದೇವರಿಲ್ಲ" ಎಂದು ಗಾದೆ ಕಟ್ಟಿದ ಪುಣ್ಯಾತ್ಮ ನಮ್ಮವರನ್ನು ನೋಡಿರಲಿಲ್ಲ. ನೋಡಿದ್ದರೆ ಗಾದೆಯ ಮೊದಲರ್ಧವನ್ನು ಅಲ್ಲಿಯೇ ವಾಪಸು ತೆಗೆದುಕೊಳ್ಳುತ್ತಿದ್ದ.

ಹೆಸರು ಹೇಳುವುದಿಲ್ಲ, ಬಿಡಿ. ಹೇಳಿದರೆ ಕುವೈತಿನಲ್ಲಿ ನಾವಿರುವ ಫರ್ವಾನಿಯಾದ ಅರ್ಧ ಜನ "ಓ, ಅವರಾ!" ಎಂದು ನಗಲು ಶುರುಮಾಡುತ್ತಾರೆ. ಕೆಲಸ ಜೆಟ್‌ಸ್ಕಿ ರಿಪೇರಿ. ಜೆಟ್‌ಸ್ಕಿ ಎಂದರೆ ನೀರಿನ ಮೇಲೆ ಓಡುವ ಬೈಕು ಎಂದು ತಿಳಿದುಕೊಳ್ಳಿ. ವರ್ಕ್‌ಶಾಪ್ ಕಡಲ ಬದಿಯಲ್ಲಿದೆ ಅಂದುಕೊಂಡಿರಾ? ಎಲ್ಲಿಯ ಕಡಲು! ಸುಲೈಬಿಯಾದ ಗೋದಾಮುಗಳ ನಡುವೆ, ಸುತ್ತ ಮರಳು. ಅಲ್ಲಿ ಕೂತುಕೊಂಡು ಇವರು ಕಣ್ಣಿಗೆ ಕಾಣದ ಸಮುದ್ರದ ಜೊತೆ ದಿನಾ ಯುದ್ಧ ಮಾಡುತ್ತಾರೆ.

ಯುದ್ಧ ಯಾತಕ್ಕೆ ಅಂದರೆ, ಜೆಟ್‌ಸ್ಕಿಯ ಹೊಟ್ಟೆಯೊಳಗೆ ವೈರುಗಳು ಒಂದಕ್ಕೊಂದು ಸೇರುವ ಕಡೆ ಬೆರಳುದ್ದದ ಪ್ಲಗ್ಗುಗಳಿರುತ್ತವೆ. ಅದಕ್ಕೆ ಕನೆಕ್ಟರ್ ಅನ್ನುತ್ತಾರೆ. ಅದರೊಳಗೆ ಉಪ್ಪುನೀರು ಹೊಕ್ಕಿತೋ, ಪಿನ್ನಿಗೆ ಹಸಿರು ಕಿಲುಬು ಹಿಡಿದು ಒಂದು ದಿನ ನಡುಸಮುದ್ರದಲ್ಲಿ ಇಂಜಿನ್ ಖಲಾಸ್! ಹಾಗಾಗಿ ನಮ್ಮವರದ್ದೊಂದು ಶಾಸ್ತ್ರವಿದೆ. ಗಾಡಿ ನೀರಿನಿಂದ ಮೇಲೆ ಬಂದ ಕೂಡಲೇ ಮೊದಲು ಸಿಹಿನೀರು, ಅದೂ ಹಸುಗೂಸಿನ ತಲೆಗೆ ಹೊಯ್ದ ಹಾಗೆ ಮೆಲ್ಲಗೆ. ಆಮೇಲೆ ಗಾಳಿ ಹೊಡೆಯುವುದು, ಮೆತ್ತನೆ ಬಟ್ಟೆಯಲ್ಲಿ ಒರೆಸುವುದು, ಕಡೆಗೆ ಬಿಳಿ ಗ್ರೀಸು. ಇಷ್ಟು ಮುಗಿಯುವ ತನಕ ಸಾಕ್ಷಾತ್ ಕಫೀಲನೇ, ಅಂದರೆ ವೀಸಾ ಕೊಟ್ಟ ಕುವೈತಿ ಧಣಿಯೇ, ಬಂದು ಕರೆದರೂ ಇವರು ತಲೆ ಎತ್ತುವುದಿಲ್ಲ.

ಆ ಮೆತ್ತನೆ ಬಟ್ಟೆ ಯಾವುದು ಗೊತ್ತೇ? ನಮ್ಮ ಮದುವೆಯ ಮುಂಡು! ಧಾರೆಗೆ ಇವರು ಉಟ್ಟ ಆ ಪಂಚೆಯನ್ನು ಚೌಕ ಚೌಕ ಹರಿದು ಟೂಲ್ ಬ್ಯಾಗಿಗೆ ತುಂಬಿಸಿದ್ದರು. ನಾನು ಒಂದು ತುಂಡು ಎತ್ತಿ ಅವರ ಮುಖದೆದುರು ಹಿಡಿದೆ.

"ನಿಮಗೆ ಬೇರೆ ಬಟ್ಟೆ ಸಿಗ್ಲಿಲ್ವಾ? ಇದು ನಮ್ಮ ಮದುವೆಯದ್ದಲ್ವಾ?"

"ಎಷ್ಟು ಮೆತ್ತಗೆ ಉಂಟು ನೋಡು ಮಾರಾಯ್ತಿ! ಒಂದು ಗೆರೆ ಬೀಳುದಿಲ್ಲ!"

ನಾನು ತುಳುವಿನಲ್ಲಿ ಬೈದದ್ದನ್ನು ಇಲ್ಲಿ ಕನ್ನಡಕ್ಕೆ ತರುವುದಿಲ್ಲ. ತಂದರೂ ಆ ಖಾರ ಬರುವುದಿಲ್ಲ.

ಒಮ್ಮೆ ವರ್ಕ್‌ಶಾಪಿನಲ್ಲಿ ಗ್ರೀಸು ಮುಗಿಯಿತು. ಇವರು ಸುಮ್ಮನೆ ಕೂರುವ ಜನವೇ? ಊರಿನ ಗಾಣದಿಂದ ಅಮ್ಮ ಕಳಿಸಿದ್ದ ನನ್ನ ತೆಂಗಿನೆಣ್ಣೆಯನ್ನು ಕದ್ದುಕೊಂಡು ಹೋಗಿ ಕನೆಕ್ಟರಿಗೆಲ್ಲ ಬಳಿದರು! "ನಮ್ಮ ಅಜ್ಜ ಬೀಗಕ್ಕೆ, ಬಾಗಿಲಿಗೆ, ಮೊಣಕಾಲಿಗೆ ಎಲ್ಲದಕ್ಕೂ ಅದನ್ನೇ ಹಚ್ಚುತ್ತಿದ್ದದ್ದು" ಎಂಬ ಆಧಾರ ಬೇರೆ. ಕರಾವಳಿಯವರಿಗೆ ತೆಂಗಿನೆಣ್ಣೆ ಎಂದರೆ ಅಷ್ಟು ನಂಬಿಕೆ. ಆದರೆ ಕುವೈತಿನ ಚಳಿಗಾಲ ಇವರ ಅಜ್ಜನಿಗೆ ಗೊತ್ತಿತ್ತೇ? ಡಿಸೆಂಬರ್ ಬಂತು, ಎಣ್ಣೆ ಹೆಪ್ಪುಗಟ್ಟಿತು. ಕಫೀಲ್ ಸೀಟು ಎತ್ತಿ ನೋಡುತ್ತಾನೆ, ವೈರುಗಳ ಸಂದಿಯಲ್ಲೆಲ್ಲ ಬೆಳ್ಳಗೆ ಏನೋ! ಬೆರಳಲ್ಲಿ ತೆಗೆದು ಮೂಸಿ, ಇವರ ಮುಖ ನೋಡಿ, ಹರಕು ಹಿಂದಿಯಲ್ಲಿ ಕೇಳಿದನಂತೆ: "ಯೇ ಚಟ್ನಿ ಹೈ?" ಒಂದು ವಾರ ನನ್ನ ತಲೆ ಒಣಗಿತು, ಜೆಟ್‌ಸ್ಕಿಗಳಿಗೆ ಎಣ್ಣೆಸ್ನಾನ ಆಯಿತು.

ಮನೆಯಲ್ಲಾದರೂ ನೆಮ್ಮದಿ ಇದೆಯೇ? ನಮ್ಮ ಬಾಲ್ಕನಿಯಿಂದ ಕಾಣುವುದು ಎದುರು ಬಿಲ್ಡಿಂಗಿನ ಏಸಿಗಳು, ಅದರ ಮೇಲೆ ಪಾರಿವಾಳ. ಆದರೂ ಇವರಿಗೆ ಗಾಳಿಯಲ್ಲಿ ಉಪ್ಪಿನ ವಾಸನೆ! ಮಿಕ್ಸಿಯ ಪ್ಲಗ್ಗಿಗೆ ಗ್ರೀಸು, ಟಿವಿ ರಿಮೋಟಿನೊಳಗೆ ಗ್ರೀಸು, ಕಾಲಿಂಗ್ ಬೆಲ್ಲಿಗೂ ಗ್ರೀಸು. ಬೆಲ್ ಒತ್ತಲು ಬಂದ ಪಕ್ಕದ ಮನೆಯಾಕೆಯ ಬೆರಳು ಜಾರಿ, ಆಕೆ ಒಳಗೆ ಬಂದವಳೇ ಮೊದಲು ಸೋಪು ಕೇಳಿದಳು. ಊರಿನಿಂದ ಬಂದ ಒಣಮೀನಿನ ಪೊಟ್ಟಣವನ್ನು ನಾನು ಮರೆತು ಟೂಲ್ ಬ್ಯಾಗಿನ ಮೇಲೆ ಇಟ್ಟ ದಿನವಂತೂ ಹಾವು ಕಂಡವರ ಹಾಗೆ ಕೂಗಿದರು. ಅದೇ ಒಣಮೀನಿನ ಚಟ್ನಿಯನ್ನು ಮಧ್ಯಾಹ್ನ ಎರಡು ಸಲ ಬಡಿಸಿಕೊಂಡದ್ದು ಬೇರೆ ಮಾತು. ಒಂದು ದಿನ ನನ್ನ ಕರಿಮಣಿಯ ಕೊಂಡಿ ಸ್ವಲ್ಪ ಮಂಕಾಗಿದೆ ಎಂದು ಗ್ರೀಸಿನ ಟ್ಯೂಬು ಹಿಡಿದುಕೊಂಡು ಹತ್ತಿರ ಬಂದರು. "ಮುಟ್ಟಿದ್ರೆ ಜಾಗ್ರತೆ!" ಎಂದು ನಾನು ಅಡುಗೆಮನೆಗೆ ಓಡಿ ಬಾಗಿಲು ಹಾಕಿಕೊಂಡೆ. ನಮ್ಮ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. "ಅಮ್ಮಾ, ಹೀ ಥಿಂಕ್ಸ್ ಯೂ ಆರ್ ಅ ಜೆಟ್‌ಸ್ಕಿ" ಅಂದಳು.

ಹಾಗಿದ್ದಿದ್ದರೆ ಒಳ್ಳೆಯದೇ ಆಗುತ್ತಿತ್ತು! ಜೆಟ್‌ಸ್ಕಿಯಾಗಿದ್ದರೆ ನಾನೂ ಸಮುದ್ರ ಕಾಣುತ್ತಿದ್ದೆ. ನನ್ನ ನಿಜವಾದ ತಕರಾರು ಇದೇ. ಹುಡುಗಿ ನೋಡಲು ಬಂದ ದಿನ ನಮ್ಮಪ್ಪನ ಎದುರೇ ಈ ಮಹಾಶಯರು, "ಕುವೈತಿಗೆ ಬಂದ ಕೂಡ್ಲೇ ನಿಮ್ಮ ಮಗಳನ್ನು ಜೆಟ್‌ಸ್ಕಿಯಲ್ಲಿ ಕೂರಿಸಿ ಸಮುದ್ರ ಸುತ್ತಿಸ್ತೇನೆ" ಎಂದಿದ್ದರು. ನಾನು ಒಪ್ಪಿದ್ದೇ ಆ ಒಂದು ಮಾತಿಗೆ! ಈಗ ಮಗಳು ಹೈಸ್ಕೂಲು. ಸಮುದ್ರ ಸುತ್ತುವುದಿರಲಿ, ಜೆಟ್‌ಸ್ಕಿಯ ಸೀಟು ಕೂಡ ನನಗೆ ತಾಗಿರಲಿಲ್ಲ. ಒಂದು ಸಲ ಕಡಲ ಬದಿಯವರೆಗೂ ಕರೆದುಕೊಂಡು ಹೋದರು. ನಾನು ಲೈಫ್ ಜಾಕೆಟ್ ತೊಟ್ಟು ನಿಂತಿದ್ದೇನೆ, ಇವರು ಸೀಟು ಎತ್ತಿ ಬಗ್ಗಿದರು. "ಸಾಸಿವೆಯಷ್ಟು ಹಸಿರು ಉಂಟು. ಇವತ್ತು ಬೇಡ." ಮತ್ತೊಂದು ಸಲ ಹೊಸ ಗ್ರೀಸು ಬರಲಿ ಅಂದರು. ಇನ್ನೊಂದು ಸಲ ಧೂಳುಗಾಳಿ. ನನಗೆ ಸಿಟ್ಟು ಮಾತ್ರವಲ್ಲ, ನಿಜವಾಗಿ ಬೇಜಾರೂ ಆಗುತ್ತಿತ್ತು. ಇಲ್ಲಿನ ಕುವೈತಿ ಹುಡುಗರನ್ನೆಲ್ಲ ಸಮುದ್ರಕ್ಕೆ ಕಳಿಸುವ ಮನುಷ್ಯನಿಗೆ ಹೆಂಡತಿಗೊಂದು ಸುತ್ತು ಭಾರವಾಯಿತೇ?

ಈ ಚಳಿಗಾಲ ನಾನೂ ಹಟ ಹಿಡಿದೆ. ನಮ್ಮ ಊರಿನವರ ಸಂಘದ ಪಿಕ್ನಿಕ್ ಇತ್ತು, ಮೀನಾ ಅಬ್ದುಲ್ಲಾದ ತೈಲ ಕಾರ್ಖಾನೆಯ ಚಿಮಣಿಗಳು ದೂರದಲ್ಲಿ ಕಾಣುವ ಒಂದು ಕಡಲತೀರದಲ್ಲಿ. "ಅವತ್ತು ನಮ್ಮವರು ನನ್ನನ್ನು ಜೆಟ್‌ಸ್ಕಿಯಲ್ಲಿ ಕರ್ಕೊಂಡು ಹೋಗ್ತಾರೆ, ನೋಡಿ ಬೇಕಾದ್ರೆ!" ಎಂದು ಎಲ್ಲ ಹೆಂಗಸರಿಗೂ ಡಂಗುರ ಸಾರಿಬಿಟ್ಟೆ. ಇನ್ನು ಇವರು ತಪ್ಪಿಸಿಕೊಳ್ಳುವುದು ಹೇಗೆ? ತಪ್ಪಿಸಿಕೊಂಡರೆ ಹೋಗುವುದು ನನ್ನ ಮಾನ.

ತಪ್ಪಿಸಿಕೊಳ್ಳಲಿಲ್ಲ. ಕಫೀಲನಿಂದ ಜೆಟ್‌ಸ್ಕಿ ಕೇಳಿ ತಂದರು. ಜೊತೆಗೆ ವರ್ಕ್‌ಶಾಪಿನ ಸ್ನೇಹಿತ ಹಮೀದನನ್ನೂ ತಂದರು. ನಮಗೆಲ್ಲ ಅವನು ಹಮೀದಾಕ, ಅಂದರೆ ಹಮೀದಣ್ಣ. ಹಮೀದಾಕ ಯಾತಕ್ಕೆ ಎಂದು ನಾನು ಯೋಚಿಸುತ್ತಿರುವಾಗ ಪಿಕಪ್ಪಿನಿಂದ ಒಂದು ಹಗ್ಗ ಇಳಿಯಿತು. ಇಳಿಯಿತು, ಇಳಿಯುತ್ತಲೇ ಇತ್ತು! ಉದ್ದಕ್ಕೂ ನೀರಿನ ಖಾಲಿ ಬಾಟಲಿಗಳನ್ನು ಕಟ್ಟಿದ್ದಾರೆ, ಬಲೆಗೆ ಬೆಂಡು ಕಟ್ಟಿದ ಹಾಗೆ.

"ಇದೆಂತದು?" ಅಂದೆ.

"ಹಗ್ಗ. ಅಕಸ್ಮಾತ್ ಇಂಜಿನ್ ನಿಂತ್ರೆ ಹಮೀದ್ ಎಳೀತಾನೆ. ಬಾಟಲಿ ಇಲ್ಲದಿದ್ರೆ ಹಗ್ಗ ಮುಳುಗಿ ಗಾಡಿಯ ಅಡಿಗೆ ಹೋಗ್ತದೆ, ಅದನ್ನು ಇಂಜಿನೇ ನುಂಗ್ತದೆ."

ಹಮೀದಾಕ ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು, "ನೀವು ಧೈರ್ಯದಲ್ಲಿ ಹೋಗಿ ಅಕ್ಕ, ನಾನು ಬಿಡುದಿಲ್ಲ!" ಎಂದು ಅಭಯ ಕೊಟ್ಟ. ಸಂಘದ ಹೆಂಗಸರೆಲ್ಲ ಫೋನು ಎತ್ತಿ ವಿಡಿಯೋಕ್ಕೆ ಸಿದ್ಧ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು!

ಹೊರಟೆವು. ಹೊರಟೆವು ಎಂದರೆ ನೀವು ನೊರೆ, ಅಲೆ, ಹಾರುವ ಕೂದಲು ಎಲ್ಲ ಊಹಿಸಿಕೊಳ್ಳಬೇಡಿ. ಎತ್ತಿನ ಗಾಡಿಯೂ ನಮಗಿಂತ ಮುಂದೆ ಹೋಗುತ್ತಿತ್ತು. ಬಾಟಲಿಗಳು ಹಿಂದಿನಿಂದ ಲೊಟಲೊಟ ಎಂದು ಬರುತ್ತಿದ್ದವು. ಈಜುತ್ತಿದ್ದ ಒಬ್ಬ ದಪ್ಪ ಮನುಷ್ಯ ನಮ್ಮನ್ನು ದಾಟಿ ಮುಂದೆ ಹೋದ, ದೇವರಾಣೆ! ಪಕ್ಕದಲ್ಲಿ ಹಾರಿಹೋದ ಕುವೈತಿ ಹುಡುಗರು "ಯಲ್ಲಾ, ಯಲ್ಲಾ!" ಎಂದು ಬೇಗ ಬರುವಂತೆ ಕೈಬೀಸಿ ನಕ್ಕರು.

ನನಗೆ ತಡೆಯಲಾಗಲಿಲ್ಲ. "ಆ ಹುಡುಗರ ಗಾಡಿ ರಿಪೇರಿ ಮಾಡಿದ್ದೂ ನೀವೇ ಅಲ್ವಾ? ಅವರಿಗೆ ಹಗ್ಗ ಕಟ್ಟಿದ್ರಾ?"

ಇವರು ತಿರುಗಲಿಲ್ಲ. ತಲೆ ಬಗ್ಗಿಸಿ ಇಂಜಿನ್ನಿನ ಸದ್ದನ್ನೇ ಆಲಿಸುತ್ತಿದ್ದರು.

"ಅವರದ್ದಾದ್ರೆ ಒಂದು ಸಲ ನೋಡಿದ್ರೆ ಸಾಕಾಗ್ತದೆ," ಅಂದರು. "ನೀನು ಕೂತ್ಕೊಳ್ಳುದು ಅಂದ್ರೆ ಎಷ್ಟು ಸಲ ನೋಡಿದ್ರೂ ಸಾಕಾಗುದಿಲ್ಲ. ಎಂತ ಮಾಡ್ಲಿ ಹೇಳು?"

ನಾನು ಅವರ ಸೊಂಟವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ. ಬಾಟಲಿಗಳ ಲೊಟಲೊಟ ಕೂಡ ಚೆನ್ನಾಗಿಯೇ ಕೇಳಿಸಿತು. ಹಗ್ಗ ಮುಗಿಯುವ ತನಕ ಹೋಗಿ ತಿರುಗಿ ಬಂದೆವು. ಇಂಜಿನ್ ಒಂದು ಸಲವೂ ಕೆಮ್ಮಲಿಲ್ಲ!

ದಡಕ್ಕೆ ಬಂದ ಕೂಡಲೇ ಹಮೀದಾಕ ಪಿಕಪ್ಪಿನ ಟ್ಯಾಂಕಿಯಿಂದ ಸಿಹಿನೀರಿನ ಪೈಪು ಎಳೆದು ತಂದು, ಅಭ್ಯಾಸದಂತೆ ಜೆಟ್‌ಸ್ಕಿಯ ಸೀಟು ಎತ್ತಿ ಹಿಡಿದ. ಇನ್ನು ಇವರ ಶಾಸ್ತ್ರ ಮುಗಿಯುವ ತನಕ ನನ್ನ ಕಡೆ ನೋಡುವವರಲ್ಲ ಎಂದು ನಾನು ಕುರ್ಚಿಯಲ್ಲಿ ಕೂತೆ. ಇವರು ಪೈಪು ಹಿಡಿದುಕೊಂಡು ನೇರ ನನ್ನ ಹತ್ತಿರ ಬಂದರು. ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತು ನನ್ನ ಪಾದಕ್ಕೆ ನೀರು ಬಿಟ್ಟರು, ಮೆಲ್ಲಗೆ.

"ಅಯ್ಯೋ, ಕಾಲು ಮುಟ್ಬೇಡಿ! ಎಲ್ಲ ನೋಡ್ತಿದ್ದಾರೆ!"

"ನೋಡ್ಲಿ. ಕಾಲುಂಗುರದ ಸಂದಿಯಲ್ಲಿ ಉಪ್ಪು ಕೂತ್ರೆ ಕಪ್ಪಾಗ್ತದೆ."

ಹಿಂದಿನಿಂದ ಹಮೀದಾಕ ಕೂಗಿದ: "ಎಂತ ಮಾರಾಯ್ರೇ, ಗಾಡಿಗೆ ನೀರು ಹಾಕುದಿಲ್ವಾ?"

"ಗಾಡಿ ನಿಲ್ಲಲಿ," ಅಂದರು ನಮ್ಮವರು.

ನೀರು ನಿಲ್ಲಿಸಿ, ಬಗ್ಗಿ, ಬೆರಳ ಸಂದಿಗೆ ಉಫ್ ಎಂದು ಗಾಳಿ ಊದಿದರು. ಬ್ಯಾಗಿನಿಂದ ನಮ್ಮ ಮದುವೆಯ ಮುಂಡಿನ ತುಂಡು ತೆಗೆದು ಒಂದೊಂದೇ ಬೆರಳನ್ನು ಒರೆಸಿದರು. ನಿಜ, ಅಷ್ಟು ಮೆತ್ತನೆಯ ಬಟ್ಟೆ ಬೇರೆ ಇಲ್ಲ. ಆಮೇಲೆ ಸುತ್ತ ಒಮ್ಮೆ ನೋಡಿ, ನನ್ನ ಮುಖವನ್ನೂ ಸ್ವಲ್ಪ ಹೆದರಿಕೆಯಿಂದಲೇ ನೋಡಿ, ಜೇಬಿನಿಂದ ಬಿಳಿ ಗ್ರೀಸಿನ ಟ್ಯೂಬು ತೆಗೆದರು.

ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.