ಸೆಕೆಂಡ್‌ಮುಳ್ಳಿನ ಪಾತ್ರೆ ಮಿಷನ್ನು

ಎಲ್ಲದಕ್ಕೂ ಕಾರಣ ಸಾಸಿವೆ ಕಾಳಿಗಿಂತ ಸಣ್ಣದಾದ ಒಂದು ಸ್ಕ್ರೂ. ಗಿರಾಕಿಯ ಕೈಗಡಿಯಾರದ ಹೊಟ್ಟೆಯೊಳಗೆ ಅದನ್ನು ಕೂರಿಸುವಾಗ ಗಡಿಯಾರ ರಿಪೇರಿಯವನ ಹೆಬ್ಬೆರಳು ಕೈಕೊಟ್ಟಿತು. ಸ್ಕ್ರೂ ಟಣ್ಣನೆ ಹಾರಿ ಯಾವ ಮೂಲೆ ಸೇರಿತೋ ಏನೋ, ಮಂಡಿಯೂರಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಗಿರಾಕಿ ಕಾದು ಕಾದು ಸಾಕಾಗಿ, "ನಿಮ್ ಕೈಯೇ ಹಿಡಿತದಲ್ಲಿ ಇಲ್ದಿದ್ರೆ ನನ್ ವಾಚಿನ ಗತಿ ಏನು ಸ್ವಾಮಿ?" ಎಂದು ಗಡಿಯಾರ ಎತ್ತಿಕೊಂಡು ಎದುರಿನ ಅಂಗಡಿಗೆ ನಡೆದ. ಆ ತಿಂಗಳಲ್ಲಿ ಹಾಗೆ ಎದ್ದು ಹೋದವರಲ್ಲಿ ಅವನೇ ಮೊದಲಿಗನೇನಲ್ಲ.

ಕೈಗೆ ಏನೂ ಆಗಿರಲಿಲ್ಲ, ನೀರಿನಲ್ಲಿ ನೆನೆದಿತ್ತು ಅಷ್ಟೆ. ಮದುವೆಯ ಹೊಸದರಲ್ಲಿ ಹೆಂಡತಿ "ಅಡುಗೆ ನಂದು, ಪಾತ್ರೆ ನಿಮ್ದು" ಎಂದಾಗ ಇವನು ಉತ್ಸಾಹದಲ್ಲಿ ತಲೆಯಾಡಿಸಿಬಿಟ್ಟಿದ್ದ. ಅಂದಿನಿಂದ ಸಿಂಕಿನ ಮುಂದೆ ನಿಂತೂ ನಿಂತೂ ಬೆರಳುಗಳು ಒಣದ್ರಾಕ್ಷಿಯ ಹಾಗಾಗಿದ್ದವು. ಕಡ್ಡಿಯಂಥ ಮೈ, ಒಂದು ಕಡೆ ನಿಲ್ಲದ ಕಾಲು. ಅವನ ಮನೆಯಿದ್ದ ಕಟ್ಟಡದವರೆಲ್ಲ ಅವನನ್ನು ಸೆಕೆಂಡ್‌ಮುಳ್ಳು ಎಂದೇ ಕರೆಯುತ್ತಿದ್ದರು. ಸೆಕೆಂಡ್‌ಮುಳ್ಳು ಆ ಸಂಜೆಯೇ ಹಟ ಹಿಡಿದ. ಆಕಾಶ ಕಳಚಿ ತಲೆ ಮೇಲೆ ಬಿದ್ದರೂ ಸರಿ, ಮನೆಗೆ ಪಾತ್ರೆ ತೊಳೆಯುವ ಮಿಷನ್ ಬರಲೇಬೇಕು.

ಮಿಷನ್ ಮಾರುವ ಅಂಗಡಿಗೆ ಒಬ್ಬನೇ ಹೊರಟವನ ಹಿಂದೆ ಇಬ್ಬರು ಗಂಟುಬಿದ್ದರು. ಮೇಲಿನ ಮಹಡಿಯ ನಿವೃತ್ತ ಪೋಸ್ಟ್‌ಮಾಸ್ತರರು ಒಂದೊಂದು ಮಿಷನ್ನಿನ ಬಾಗಿಲನ್ನೂ ತೆಗೆದು ಮುಚ್ಚಿ, "ಬಾಗಿಲು ಗಟ್ಟಿ ಇರ್ಬೇಕಪ್ಪ, ಅದೇ ಮುಖ್ಯ" ಎಂದರು. ಪಕ್ಕದ ಮನೆಯ ನರ್ಸಮ್ಮ ಮಾತ್ರ, "ನೀರು ಕುದಿಯೋ ಹಾಗೆ ಬಿಸಿ ಆಗ್ಬೇಕು, ಇಲ್ದಿದ್ರೆ ಕ್ರಿಮಿಗಳು ನಮ್ಮನ್ನ ನೋಡಿ ನಗ್ತವೆ" ಎಂದು ಪಟ್ಟು ಹಿಡಿದರು. ಇಬ್ಬರ ವಾದ ಬೀದಿಗೆ ಕೇಳಿಸುವಷ್ಟಾದಾಗ ಸೆಕೆಂಡ್‌ಮುಳ್ಳು ಕಿವಿ ಇಟ್ಟು ಆಲಿಸಿ, ಗಡಿಯಾರದ ಹಾಗೆ ಸಣ್ಣಗೆ ಸದ್ದು ಮಾಡುವ ಮಿಷನ್ ಆರಿಸಿಕೊಂಡ. ಹಿಡಿಸದಿದ್ದರೆ ಸೋಮವಾರ ವಾಪಸ್ ಒಯ್ಯುತ್ತೇವೆ ಎಂದರು ಅಂಗಡಿಯವರು.

ಮನೆಗೆ ಬಂದು ಹೇಳಿದಾಗ ಹೆಂಡತಿ ಕೇಳಿಸಿಕೊಂಡಿದ್ದು ಅದೊಂದನ್ನೇ. "ಭಾನುವಾರ ನಮ್ಮಣ್ಣನ ಮನೆಯವರು ಊಟಕ್ಕೆ ಬರ್ತಾರೆ. ಆ ಪಾತ್ರೆಯೆಲ್ಲ ಸಂಜೆ ಒಳಗೆ ಫಳಫಳ ಅಂದ್ರೆ ಮಿಷನ್ ಇರುತ್ತೆ. ಒಂದು ಕಲೆ ಉಳಿದ್ರೂ ಸೋಮವಾರ ಅದು ಅಂಗಡಿಗೆ, ನೀವು ಸಿಂಕಿಗೆ. ಆಮೇಲೆ ಜನ್ಮದಲ್ಲಿ ಈ ಮಾತು ಎತ್ತಬಾರ್ದು."

"ಆಗ್ಲಿ ಕಣೇ!" ಎಂದ ಸೆಕೆಂಡ್‌ಮುಳ್ಳು.

ಭಾನುವಾರ ಬೆಳಿಗ್ಗೆ ಅಂಗಡಿಯವರು ಮಿಷನ್ ಜೋಡಿಸಿ ಹೋದರು. ಆದರೆ ಬೇರೆಯವರ ಕೈಕೆಲಸದ ಮೇಲೆ ಅವನಿಗೆಲ್ಲಿಯ ನಂಬಿಕೆ? ಸಿಂಕಿನ ಅಡಿಗೆ ತಲೆ ತೂರಿಸಿ, ಮಿಷನ್ನಿನ ಪೈಪಿಗೆ ಹಾಕಿದ್ದ ಪುಟ್ಟ ನಲ್ಲಿಯನ್ನು ಹಿಡಿದು, ಗೋಡೆ ಗಡಿಯಾರಕ್ಕೆ ಕೀ ಕೊಡುವವನಂತೆ ಬಲಕ್ಕೆ, ಇನ್ನೂ ಬಲಕ್ಕೆ, ಬೆರಳು ನೋಯುವಷ್ಟು ತಿರುಗಿಸಿದ. ಈಗ ಸರಿಯಾಯಿತು ಎಂದು ಕೈ ಒರೆಸಿಕೊಂಡ.

ಮಧ್ಯಾಹ್ನ ಭಾವ ಹೊಟ್ಟೆ ತುಂಬ ಉಂಡು, ಜೇಬಿನಿಂದ ನಿಂತುಹೋದ ಗಡಿಯಾರ ತೆಗೆದು ತೋರಿಸಿದ. "ನಮ್ಮಪ್ಪನ ಕಾಲದ್ದು. ನಿಮ್ಮ ಕೈಗೇ ಕೊಡೋಣ ಅಂತ ತಂದೆ."

"ಸಂಜೆ ಕೊಡಿ ಭಾವ, ಇವತ್ತಿಂದ ಈ ಕೈ ನೀರು ಮುಟ್ಟಲ್ಲ," ಎಂದು ಸೆಕೆಂಡ್‌ಮುಳ್ಳು ತಟ್ಟೆ ಲೋಟಗಳನ್ನೆಲ್ಲ ಮಿಷನ್ನಿನೊಳಗೆ ಜೋಡಿಸಿದ. ಹೆಂಡತಿ ಬೇಕೆಂದೇ ಹಾಲು ಸೀದು ತಳ ಕಪ್ಪಾದ ಪಾತ್ರೆಯನ್ನು ತಂದು ಮಧ್ಯದಲ್ಲಿಟ್ಟಳು. ಗುಂಡಿ ಒತ್ತಿದ್ದೇ ತಡ, ಮಿಷನ್ ಗುಂಯ್ ಎಂದಿತು. ಮುಂಭಾಗದಲ್ಲಿ ಪುಟ್ಟ ನಲ್ಲಿಯ ಚಿತ್ರವೊಂದು ಕೆಂಪಗೆ ಮಿಣುಕತೊಡಗಿತು.

"ನೋಡ್ರಿ, ನೀರು ಬರ್ತಿದೆ ಅಂತ ಅದೇ ಹೇಳ್ತಾ ಇದೆ!" ಎಂದರು ಪೋಸ್ಟ್‌ಮಾಸ್ತರರು. ಅವರನ್ನು ಯಾರು ಕರೆದಿದ್ದರೋ ದೇವರಿಗೇ ಗೊತ್ತು.

ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಎಲ್ಲರೂ ನಡುಮನೆಯಲ್ಲಿ ಹರಟೆಗೆ ಕೂತಿದ್ದರು. ಸೆಕೆಂಡ್‌ಮುಳ್ಳು ಮೆಲ್ಲನೆ ಬಾಗಿಲು ತೆರೆದ. ಒಂದು ತಟ್ಟೆಯೂ ಒದ್ದೆಯಾಗಿರಲಿಲ್ಲ. ಭಾವ ಬಿಟ್ಟ ಅನ್ನದ ಅಗುಳು ಬಿಟ್ಟಲ್ಲೇ ಒಣಗಿ ಕೂತಿತ್ತು. ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿ ಮುಚ್ಚುವುದರಿಂದ ಅವರನ್ನು ಕರೆಯುವ ಹಾಗಿಲ್ಲ, ಹೆಂಡತಿಗೆ ಹೇಳಿದರೆ ಅಲ್ಲಿಗೆ ಕತೆ ಮುಗಿಯಿತು.

ಆದರೆ ಸೆಕೆಂಡ್‌ಮುಳ್ಳು ಅಷ್ಟಕ್ಕೇ ಸೋಲುವ ಆಸಾಮಿಯೇ? ತಟ್ಟೆಗಳನ್ನು ಟವೆಲಿನಲ್ಲಿ ಸುತ್ತಿ, ಲೋಟಗಳನ್ನು ಬಕೆಟ್ಟಿನಲ್ಲಿ ತುಂಬಿ, ಬೆಕ್ಕಿನ ಹೆಜ್ಜೆಯಲ್ಲಿ ಬಚ್ಚಲು ಸೇರಿ ಚಿಲಕ ಹಾಕಿದ. ನಲ್ಲಿಯನ್ನು ನೂಲಿನಷ್ಟು ಸಣ್ಣಗೆ ಬಿಟ್ಟು, ಚಮಚ ಚಮಚಕ್ಕೆ ತಾಗದ ಹಾಗೆ ಉಸಿರು ಬಿಗಿಹಿಡಿದು ತೊಳೆದ. ಹಾಲಿನ ಪಾತ್ರೆಯ ತಳವನ್ನಂತೂ, ಅದೇನು ಪಾತ್ರೆಯೋ ಜನ್ಮಾಂತರದ ಶತ್ರುವೋ ಎನ್ನುವಂತೆ ಉಜ್ಜಿದ. ಅಷ್ಟರಲ್ಲಿ ಹರಟೆಗೆ ಬಂದು ಸೇರಿದ್ದ ನರ್ಸಮ್ಮ ಹೊರಗಿನಿಂದ ಬಾಗಿಲು ತಟ್ಟಿ, "ಹೊಟ್ಟೆ ಸರಿ ಇಲ್ವಾ? ಮಾತ್ರೆ ಕೊಡ್ಲಾ?" ಎಂದರು. ಇವನು ಒಳಗಿನಿಂದಲೇ "ಊಂ" ಎಂದು ನರಳಿದ.

ಎಲ್ಲವನ್ನೂ ಒರೆಸಿ ಮಿಷನ್ನಿನೊಳಗೆ ಮತ್ತೆ ಜೋಡಿಸಿ, ನರ್ಸಮ್ಮನ ಮಾತ್ರೆಯನ್ನು ನುಂಗಿ, ಎಲ್ಲರನ್ನೂ ಕರೆದ. ಹೆಂಡತಿ ಹಾಲಿನ ಪಾತ್ರೆ ಎತ್ತಿ ನೋಡಿದಳು. ತಳದಲ್ಲಿ ಅವಳ ಮುಖ, ಕಣ್ಣ ಕಾಡಿಗೆಯ ಸಮೇತ, ಕಾಣಿಸಿತು.

"ಅಬ್ಬಾ!" ಎಂದಳು. "ಹೊಸದು ತಂದಾಗಲೂ ಹೀಗಿರ್ಲಿಲ್ಲ. ಸರಿ, ಒಪ್ಕೊಂಡೆ. ಇರ್ಲಿ ಮಿಷನ್ನು."

ಸೆಕೆಂಡ್‌ಮುಳ್ಳಿಗೆ ಹೊಟ್ಟೆಗೆ ಹಾಲು ಹೊಯ್ದಷ್ಟು ಸಮಾಧಾನವಾಯಿತು. ಅವರು ಆಚೆ ಹೋದದ್ದೇ ಅವನು ಕಣ್ಣಿಗೆ ಗಡಿಯಾರದ ಭೂತಗನ್ನಡಿ ಸಿಕ್ಕಿಸಿಕೊಂಡು ಸಿಂಕಿನ ಅಡಿ ಅಂಗಾತ ಮಲಗಿದ. ನಲ್ಲಿಯ ಹಿಡಿಯ ಮೇಲೆ ಪುಟ್ಟ ಬಾಣದ ಗುರುತು. ತೆರೆಯಲು ಎಡಕ್ಕೆ! "ಹಾಳು ಗಡಿಯಾರದ ಬುದ್ಧಿ!" ಎಂದು ಹಣೆ ಚಚ್ಚಿಕೊಂಡು ಎಡಕ್ಕೆ ತಿರುಗಿಸಿದ. ಪೈಪಿನೊಳಗೆ ನೀರು ಜುಳುಜುಳು ಎಂದಿತು. ಇನ್ನು ತನ್ನ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ ಎಂದುಕೊಂಡ.

ಅಷ್ಟರಲ್ಲಿ ಮಿಷನ್ನಿನ ಮಹಿಮೆ ಮೆಟ್ಟಿಲು ಹತ್ತಿ ಇಳಿದಿತ್ತು. ನರ್ಸಮ್ಮ ತಳ ಹಿಡಿದ ಕುಕ್ಕರ್ ತಂದರು. ಪೋಸ್ಟ್‌ಮಾಸ್ತರರು ಎಣ್ಣೆ ಜಿಡ್ಡು ಕಟ್ಟಿದ ಬಾಣಲೆ ತಂದರು. ಹೆಂಡತಿ ಇವರಿಗೆಲ್ಲ ಟೀ ಕಾಸಲು ಹೋಗಿ, ಮಿಷನ್ನನ್ನು ಹೊಗಳುವ ಭರದಲ್ಲಿ ಹಾಲಿನ ಪಾತ್ರೆಯನ್ನು ಮತ್ತೆ ಸೀಯಿಸಿದಳು.

"ತನ್ನಿ ತನ್ನಿ, ಎಲ್ಲಾ ತನ್ನಿ!" ಎಂದ ಸೆಕೆಂಡ್‌ಮುಳ್ಳು ಎದೆಯುಬ್ಬಿಸಿ. ಈ ಸಲ ನೀರು ಧೋ ಎಂದು ಸುರಿಯುವುದು ಎಲ್ಲರಿಗೂ ಕೇಳಿಸಿತು. ಎಲ್ಲರೂ ಕುರ್ಚಿ ಹಾಕಿಕೊಂಡು ಅದರ ಮುಂದೆಯೇ ಕೂತರು. ಕತ್ತಲಾಗುವ ಹೊತ್ತಿಗೆ ಮಿಷನ್ ಕೆಲಸ ಮುಗಿಸಿತು. ಟೀ ಕುಡಿದ ಲೋಟಗಳೆಲ್ಲ ಚೊಕ್ಕಟವಾಗಿದ್ದವು. ಆದರೆ ಹಾಲಿನ ಪಾತ್ರೆಯ ತಳದಲ್ಲಿ ಅಂಗೈಯಗಲದ ಕಂದು ಕಲೆ ಹಾಗೆಯೇ ಉಳಿದಿತ್ತು. ಕುಕ್ಕರಿನಲ್ಲೂ ಅಷ್ಟೆ, ಬಾಣಲೆಯಲ್ಲೂ ಅಷ್ಟೆ.

ಹೆಂಡತಿಯ ಮುಖ ಗಂಟಾಯಿತು. "ಮಧ್ಯಾಹ್ನ ಇದೇ ಪಾತ್ರೆ ಕನ್ನಡಿ ಥರ ಇತ್ತಲ್ರೀ! ಒಂದೇ ದಿನಕ್ಕೆ ಕೆಟ್ಟೋಯ್ತಾ?"

"ನಾನು ಆಗ್ಲೇ ಅಂದೆ, ಬಾಗಿಲು ಗಟ್ಟಿ ಇಲ್ಲ," ಎಂದರು ಪೋಸ್ಟ್‌ಮಾಸ್ತರರು.

"ಇಂಥ ಕಳಪೆ ಮಾಲು ಇಟ್ಕೋಬೇಡ," ಎಂದ ಭಾವ ತಂಗಿಗೆ. "ನಾಳೆ ವಾಪಸ್ ಕಳಿಸ್ಬಿಡು."

ಸೆಕೆಂಡ್‌ಮುಳ್ಳಿಗೆ ತಡೆಯಲಾಗಲಿಲ್ಲ. "ಅದು ಕೆಟ್ಟಿಲ್ಲ ಕಣ್ರೀ! ಪಾಪ, ಕೈಲಾದಷ್ಟು ತೊಳೆದಿದೆ. ಮಧ್ಯಾಹ್ನ ತೊಳೆದಿದ್ದು ಅದಲ್ಲ, ನಾನು! ಬಚ್ಚಲಲ್ಲಿ ಕೂತು, ಈ ನನ್ನ ಕೈಯಾರೆ ತೊಳೆದೆ!"

ಎಲ್ಲರೂ ಅವನ ಕೈಯನ್ನೇ ನೋಡಿದರು. ಆಮೇಲೆ ಹಾಲಿನ ಪಾತ್ರೆಯನ್ನು ನೋಡಿದರು.

"ಅಂದ್ರೆ," ಎಂದಳು ಹೆಂಡತಿ ನಿಧಾನವಾಗಿ, "ಇಷ್ಟು ವರ್ಷ ನೀವು ನನ್ನ ಪಾತ್ರೆ ಸುಮ್ನೆ ನೀರಲ್ಲಿ ಅದ್ದಿ ಇಡ್ತಿದ್ರಿ. ಮನಸ್ಸು ಮಾಡಿದ್ರೆ ಕನ್ನಡಿ ಹಾಗೆ ತೊಳೀಬಲ್ಲಿರಿ!"

"ಅಂದ ಹಾಗೇ ಆಗ್ಲಿ, ನಾಳೆ ಅದು ಅಂಗಡಿಗೆ, ನೀವು ಸಿಂಕಿಗೆ," ಎಂದು ಅವಳು ಪಾತ್ರೆಯನ್ನು ಅವನ ಕೈಗಿತ್ತಳು. ನರ್ಸಮ್ಮ ಅದರ ಮೇಲೆ ತಮ್ಮ ಕುಕ್ಕರ್ ಇಟ್ಟು, "ಹೇಗೂ ಕೈ ಒದ್ದೆ ಆಗುತ್ತೆ," ಎಂದರು. ಪೋಸ್ಟ್‌ಮಾಸ್ತರರು ಅದರ ಮೇಲೆ ಬಾಣಲೆ ಇಟ್ಟರು.

ಸೆಕೆಂಡ್‌ಮುಳ್ಳು ಭಾವನ ಕಡೆ ತಿರುಗಿದ. "ನಿಮ್ಮ ವಾಚು, ಭಾವ? ಸಂಜೆ ಕೊಡಿ ಅಂದಿದ್ನಲ್ಲ."

ಭಾವ ಅವನ ಸುಕ್ಕುಗಟ್ಟಿದ ಬೆರಳುಗಳನ್ನು ಒಮ್ಮೆ ನೋಡಿ, ಜೇಬಿನ ಮೇಲೆ ಕೈಯಿಟ್ಟುಕೊಂಡ. "ಇರ್ಲಿ ಬಿಡಿ. ನಮ್ಮಪ್ಪನ ಕಾಲದ್ದು ನೋಡಿ. ನಿಮ್ಮಂಗಡಿ ಎದುರುಗಡೆ ಇನ್ನೊಬ್ಬ ಇದಾನಂತಲ್ಲ, ಅವನಿಗೇ ಕೊಡ್ತೀನಿ."

ಸೆಕೆಂಡ್‌ಮುಳ್ಳು ಸಿಂಕಿನ ಮುಂದೆ ನಿಂತು ನಲ್ಲಿಯನ್ನು ಬಲಕ್ಕೆ ತಿರುಗಿಸಿದ. ನೀರು ಬರಲಿಲ್ಲ. ಒಂದು ಉಸಿರು ಬಿಟ್ಟು, ಎಡಕ್ಕೆ ತಿರುಗಿಸಿದ.